ಗೇಮ್‌ನ ಹಿಡಿತ ಬಿಡಿಸಿಕೊಂಡು ಕತೆ ಬರೆಯುವುದು ಹೇಗೆ: ಮಲೆನಾಡಿನ ಹೊಸ ಬರಹಗಾರರಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಬರೆಯುವ ಆಸೆ ಇರುವ ಹುಡುಗ ಹುಡುಗಿಯರಿಗೆ ಕೊರತೆ ಇಲ್ಲ. ಅವರ ಕತೆ ಓದಿ, ಜೊತೆಗೆ ಕೂತು ಮಾತಾಡುವುದು ನನಗೆ ತುಂಬಾ ಇಷ್ಟದ ಕೆಲಸ. ಈಚೆಗೆ ಅವರಲ್ಲಿ ಹಲವರು ಒಂದೇ ಮಾತು ಹೇಳುತ್ತಿದ್ದಾರೆ. "ಕತೆ ಅರ್ಧ ಆಗಿದೆ. ರಾತ್ರಿ ಬರೆಯೋಣ ಅಂತ ಕೂರ್ತೀನಿ. ಒಂದೇ ಒಂದು ಮ್ಯಾಚ್ ಅಂತ ಶುರು ಮಾಡ್ತೀನಿ. ನೋಡಿದ್ರೆ ಎರಡು ಗಂಟೆ ಆಗಿರುತ್ತೆ."

ಇದನ್ನು ಬರೆಯುತ್ತಿರುವುದು ಅವರಿಗಾಗಿ. ಫೋನ್ ಕೆಳಗಿಡಲಾಗದೆ ಒಳಗೊಳಗೇ ಬೇಯುತ್ತಿರುವವರಿಗೆ, ಅಪ್ಪ ಅಮ್ಮನ ಬೈಗುಳ ಕೇಳಿ ಕೇಳಿ ಸಾಕಾದವರಿಗೆ.

ನನಗೆ ಕಂಡ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬರೆಯುವವರು ಗೇಮ್ ಕಡೆ ಓಡುವುದು ಸುಮ್ನೆ ಯಾವಾಗಲೋ ಅಲ್ಲ. ಬರೆಯುತ್ತಿದ್ದ ವಾಕ್ಯ ಮುಂದೆ ಹೋಗದೆ ನಿಂತಿತಲ್ಲ, ಆ ಗಳಿಗೆಯಲ್ಲೇ ಕೈ ಫೋನ್ ಹುಡುಕುತ್ತದೆ. ಆ ಹತ್ತು ನಿಮಿಷ ದಾಟುವುದನ್ನು ಕಲಿತವರು ಬರೆಯುತ್ತಾರೆ. ಕೆಳಗಿನ ಹೆಜ್ಜೆಗಳೆಲ್ಲ ಆ ಹತ್ತು ನಿಮಿಷಕ್ಕೆ ನಿಮ್ಮನ್ನು ತಯಾರು ಮಾಡಲು ಇರುವಂಥವು.

ಮೊದಲು ತಿಳಿಯಬೇಕಾದದ್ದು: ಹವ್ಯಾಸವೋ, ಚಟವೋ?

ಗೇಮ್ ಆಡುವವರೆಲ್ಲ ಚಟಕ್ಕೆ ಬಿದ್ದವರಲ್ಲ. ಭಾನುವಾರ ಗೆಳೆಯರ ಜೊತೆ ಎರಡು ಮ್ಯಾಚ್ ಆಡಿ ಎದ್ದು ಹೋಗುವವನಿಗೆ ಈ ಬರಹ ಬೇಕಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಗೇಮಿಂಗ್ ಡಿಸಾರ್ಡರ್ ಎಂಬುದನ್ನು ಸೇರಿಸಿದೆ. 2019ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು, 2022ರ ಜನವರಿ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ನೋಡಬೇಕಾದ್ದು ಮೂರು ವಿಷಯ. ಎಷ್ಟು ಹೊತ್ತು ಆಡಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದು ಕೈ ತಪ್ಪಿ ಹೋಗಿರುತ್ತದೆ. ಊಟ, ನಿದ್ದೆ, ಓದು, ಕೆಲಸ ಎಲ್ಲಕ್ಕಿಂತ ಗೇಮ್ ಮುಂದಾಗಿರುತ್ತದೆ. ತೊಂದರೆ ಆಗುತ್ತಿದೆ ಎಂದು ಗೊತ್ತಿದ್ದರೂ ಆಟ ಮುಂದುವರಿಯುತ್ತದೆ. ಹೀಗೆ ಸಾಮಾನ್ಯವಾಗಿ 12 ತಿಂಗಳಾದರೂ ನಡೆದು, ಬದುಕು ನಿಜಕ್ಕೂ ಹಾಳಾಗುತ್ತಿದ್ದರೆ ವೈದ್ಯರು ಅದನ್ನು ಕಾಯಿಲೆ ಎಂದು ಗುರುತಿಸುತ್ತಾರೆ.

ಆ ಮಟ್ಟಕ್ಕೆ ಹೋಗದಿದ್ದರೂ ಬರವಣಿಗೆ ನಿಂತುಹೋಗಬಹುದು. ದಿನಕ್ಕೆ ಎರಡು ಗಂಟೆ ಗೇಮ್ ಸಾಕು, ಕತೆ ಬರೆಯುವ ಹೊತ್ತು ಪೂರ್ತಿ ಹೋಗುತ್ತದೆ. ಹಾಗಾಗಿ "ನನಗೇನು ಕಾಯಿಲೆ ಇಲ್ವಲ್ಲ" ಅಂದುಕೊಂಡು ಕೂರಬೇಡಿ.

ಒಂದು ಎಚ್ಚರಿಕೆ ಇಲ್ಲೇ ಇರಲಿ. ಗೇಮ್ ಜೊತೆಗೆ ಸಾಲ, ಕದ್ದು ದುಡ್ಡು ತೆಗೆಯುವುದು, ಕಾಲೇಜು ಬಿಡುವುದು, ವಾರಗಟ್ಟಲೆ ನಿದ್ದೆ ಇಲ್ಲದಿರುವುದು ಸೇರಿಕೊಂಡಿದ್ದರೆ, ಅಥವಾ ಬದುಕೇ ಬೇಡ ಅನ್ನಿಸುತ್ತಿದ್ದರೆ, ಈ ಹೆಜ್ಜೆಗಳಿಗೂ ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಶಿಬಿರಕ್ಕೂ ಹೋಗಬಹುದು, ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ ಅಂತ ಶಟ್ ಕ್ಲಿನಿಕ್ ಇದೆ. ಎಷ್ಟೋ ಸಲ ಗೇಮ್ ಹಿಂದೆ ಖಿನ್ನತೆಯೋ ಆತಂಕವೋ ಅಡಗಿರುತ್ತದೆ. ಅದಕ್ಕೆ ಔಷಧ ಸಿಕ್ಕರೆ ಗೇಮ್ ಬಿಡುವುದು ಸುಲಭವಾಗುತ್ತದೆ. ಹೋಗುವುದಕ್ಕೆ ನಾಚಿಕೆ ಬೇಡ.

ಹೆಜ್ಜೆ 1: ಒಂದು ವಾರ ಬರೀ ಲೆಕ್ಕ ಇಡಿ

ಮೊದಲ ವಾರ ಏನೂ ಬಿಡಬೇಡಿ. ಎಷ್ಟು ಆಡುತ್ತಿದ್ದೀರೋ ಅಷ್ಟೇ ಆಡಿ. ಆದರೆ ಗೇಮ್ ತೆರೆಯುವ ಮುಂಚೆ ಒಂದು ಚಿಕ್ಕ ನೋಟ್‌ಬುಕ್‌ನಲ್ಲಿ ಮೂರು ವಿಷಯ ಬರೆಯಿರಿ: ಗಂಟೆ ಎಷ್ಟು, ಅದಕ್ಕೆ ಮೊದಲು ಏನು ಮಾಡುತ್ತಿದ್ದಿರಿ, ಮನಸ್ಸು ಹೇಗಿತ್ತು. ಆಡಿ ಮುಗಿದ ಮೇಲೆ ಮತ್ತೆ ಗಂಟೆ ಬರೆಯಿರಿ. ರಾತ್ರಿ ಫೋನ್‌ನ ಡಿಜಿಟಲ್ ವೆಲ್‌ಬೀಯಿಂಗ್‌ಗೆ ಹೋಗಿ ಆ ದಿನದ ಒಟ್ಟು ಹೊತ್ತು ನೋಡಿ ಪಕ್ಕಕ್ಕೆ ಬರೆದಿಡಿ. ಐಫೋನ್‌ನಲ್ಲಿ ಇದೇ ಲೆಕ್ಕ ಸ್ಕ್ರೀನ್ ಟೈಮ್‌ನಲ್ಲಿ ಸಿಗುತ್ತದೆ.

ಹೊಸನಗರ ಕಡೆಯ ಒಬ್ಬ ಹುಡುಗ ತನ್ನ ಲೆಕ್ಕದ ಪುಸ್ತಕ ತೋರಿಸಿದ್ದ. ಅದರ ಒಂದು ಪುಟ ಹೀಗಿತ್ತು:

"ರಾತ್ರಿ 9.40. ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬರೋದು ಬರೀತಿದ್ದೆ. ಮನೆಯವರು ಏನು ಮಾತಾಡ್ತಾರೆ ಅಂತ ಗೊತ್ತಾಗಲಿಲ್ಲ. ಒಂದು ಮ್ಯಾಚ್. ಎದ್ದಾಗ 1.15."

"ಮಧ್ಯಾಹ್ನ 3. ಕತೆ ಓದಿ ನೋಡ್ದೆ, ಚೆನ್ನಾಗಿಲ್ಲ ಅನ್ನಿಸ್ತು. ರ‍್ಯಾಂಕ್ ಪುಶ್."

"ಸಂಜೆ 7. ಮಳೆ. ಕರೆಂಟ್ ಇಲ್ಲ. ಫೋನ್‌ನಲ್ಲಿ ಚಾರ್ಜ್ ಇತ್ತು."

ಮೂರೇ ಸಾಲಿನಲ್ಲಿ ಅವನ ಇಡೀ ಕಷ್ಟ ಇದೆ. ಮೊದಲನೆಯದು ಬರಹ ಸಿಕ್ಕಿಕೊಂಡ ಕ್ಷಣ. ಎರಡನೆಯದು ತನ್ನ ಬರಹದ ಮೇಲೆ ತನಗೇ ಬಂದ ಅನುಮಾನ, ಅದನ್ನು ಮರೆಯಲು ಗೇಮ್‌ನಲ್ಲಿ ಮೇಲಿನ ಸ್ಥಾನಕ್ಕೇರಲು ಆಡಿದ್ದು. ಮೂರನೆಯದು ಮಲೆನಾಡಿನ ಮಳೆಗಾಲದ ಸಂಜೆ, ಎಲ್ಲೂ ಹೋಗಲಾಗದ ಹೊತ್ತು. ನಿಮ್ಮ ಪುಟದಲ್ಲಿ ಬೇರೆ ಏನೋ ಇರಬಹುದು. ಒಂದು ವಾರ ಬರೆದರೆ ಅದು ತಾನಾಗೇ ಕಾಣುತ್ತದೆ. ಇನ್ನೊಂದು ಲಾಭವೂ ಇದೆ: ಆ ಒಂದು ವಾರ ನೀವು ದಿನಾ ಪೆನ್ನು ಹಿಡಿದಿರುತ್ತೀರಿ.

ಹೆಜ್ಜೆ 2: ಗೇಮ್ ನಿಮಗೆ ಏನು ಕೊಡುತ್ತಿದೆ ಎಂದು ನೋಡಿ

ಗೇಮ್ ಕೆಟ್ಟದ್ದು ಎಂದು ಬೈದುಕೊಂಡರೆ ಏನೂ ಬದಲಾಗುವುದಿಲ್ಲ. ಬಿಡಲು ಮನಸ್ಸಾಗದಂತೆಯೇ ಅದನ್ನು ಕಟ್ಟಿರುತ್ತಾರೆ. ಗುಂಡು ತಾಗಿದ ತಕ್ಷಣ ಶಬ್ದ, ಅಂಕ, ಬಣ್ಣ. ಗೆದ್ದರೆ ರ‍್ಯಾಂಕ್ ಏರುತ್ತದೆ. ದಿನಾ ಲಾಗಿನ್ ಆದರೆ ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ಮುರಿಯುತ್ತದೆ. ಕ್ರೇಟ್, ಅಂದರೆ ಗೇಮ್‌ನೊಳಗಿನ ಬಹುಮಾನದ ಪೆಟ್ಟಿಗೆ, ಒಡೆದಾಗ ಏನು ಸಿಗುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನವೇ ಮನುಷ್ಯನನ್ನು ಹೆಚ್ಚು ಹೊತ್ತು ಹಿಡಿದಿಡುವುದು, ಜೂಜಿನ ಯಂತ್ರವೂ ಇದೇ ತತ್ವದ ಮೇಲೆ ನಡೆಯುತ್ತದೆ. ಜೊತೆಗೆ ಸ್ಕ್ವಾಡ್‌ನಲ್ಲಿ, ಅಂದರೆ ಒಟ್ಟಿಗೆ ಆಡುವ ತಂಡದಲ್ಲಿ, ಇನ್ನು ಮೂವರು "ಬಾರೋ, ನಿನಗೇ ಕಾಯ್ತಿದೀವಿ" ಅನ್ನುತ್ತಿರುತ್ತಾರೆ.

ಈಗ ಬರವಣಿಗೆ ನೋಡಿ. ಎರಡು ಗಂಟೆ ಕೂತರೆ ಒಂದು ಪುಟ. ಅದು ಚೆನ್ನಾಗಿದೆಯೋ ಇಲ್ಲವೋ ಹೇಳುವವರಿಲ್ಲ. ಪತ್ರಿಕೆಗೆ ಕಳಿಸಿದರೆ ತಿಂಗಳುಗಟ್ಟಲೆ ಸುದ್ದಿ ಇಲ್ಲ. ರ‍್ಯಾಂಕ್ ಇಲ್ಲ, ಜೊತೆಗಾರರಿಲ್ಲ, ಮುಂದೆ ಏನು ಮಾಡಬೇಕು ಎಂದು ಬಾಣದ ಗುರುತು ತೋರಿಸುವವರೂ ಇಲ್ಲ.

ಹೀಗಿರುವಾಗ ಗೇಮ್ ತೆಗೆದುಹಾಕಿ ಖಾಲಿ ಬಿಟ್ಟರೆ ಅಲ್ಲಿಗೆ ಇನ್ನೊಂದು ಬಂದು ಕೂರುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ನಿಷೇಧಿಸಿದಾಗ ಎಷ್ಟೋ ಹುಡುಗರು ಬೇರೆ ಗೇಮ್‌ಗೆ ಹೋದರು. 2021ರ ಜುಲೈನಲ್ಲಿ ಅದೇ ಗೇಮ್ ಭಾರತಕ್ಕೆಂದು ಬಿಜಿಎಂಐ ಹೆಸರಿನಲ್ಲಿ ಬಂದಾಗ ವಾಪಸ್ ಬಂದರು. ಗೇಮ್ ಕೊಡುತ್ತಿದ್ದ ಮೂರು ವಿಷಯ, ಅಂದರೆ ಚಿಕ್ಕ ಗುರಿ, ಕಣ್ಣಿಗೆ ಕಾಣುವ ಪ್ರಗತಿ, ಜೊತೆಗಾರರು, ಇವನ್ನು ಬರವಣಿಗೆಯ ಸುತ್ತ ನಾವೇ ಕಟ್ಟಿಕೊಳ್ಳಬೇಕು.

ಹೆಜ್ಜೆ 3: ಮೊದಲು ದುಡ್ಡಿನ ಬಾಗಿಲು, ಆಮೇಲೆ ಆಟದ ಬಾಗಿಲು ಮುಚ್ಚಿ

ದುಡ್ಡಿನಿಂದ ಶುರು ಮಾಡಿ. ಪ್ಲೇ ಸ್ಟೋರ್‌ನಲ್ಲಿ ಸೇವ್ ಆಗಿರುವ ಕಾರ್ಡ್, ಯುಪಿಐ ತೆಗೆದುಹಾಕಿ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಯುಪಿಐ ಆ್ಯಪ್‌ನಲ್ಲಿ ಆಟೊಪೇ ಎಂಬ ಜಾಗದಲ್ಲಿ ಗೇಮ್ ಹೆಸರಿನಲ್ಲಿ ಏನಾದರೂ ಇದ್ದರೆ ರದ್ದು ಮಾಡಿ.

ನೀವು ಆಡುತ್ತಿರುವುದು ರಮ್ಮಿ, ಬೆಟ್ಟಿಂಗ್ ಥರದ ದುಡ್ಡು ಕಟ್ಟುವ ಆಟವಾದರೆ ವಿಷಯ ಇನ್ನೂ ಗಂಭೀರ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆ ದುಡ್ಡು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅದರಲ್ಲಿ ಶಿಕ್ಷೆ ಇರುವುದು ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ. ಆಡಿ ಕಳೆದುಕೊಂಡವರಿಗೆ ಅಲ್ಲ. ಹಾಗಾಗಿ ಹೆದರಿ ಮುಚ್ಚಿಡಬೇಡಿ, ಮನೆಯಲ್ಲಿ ಹೇಳಿ. ಟೆಲಿಗ್ರಾಂನಲ್ಲಿ ಬರುವ ಲಿಂಕ್ ಒತ್ತಿ ಹೊರಗಿನ ಆ್ಯಪ್ ಹಾಕಿಕೊಳ್ಳಬೇಡಿ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಇನ್ನು ಆಟ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ರ‍್ಯಾಂಕ್ ಇರುವ, ಸ್ಕ್ವಾಡ್ ಕಟ್ಟುವ ಗೇಮ್‌ಗಳನ್ನು ಮೂರು ತಿಂಗಳು ಪೂರ್ತಿ ನಿಲ್ಲಿಸಿ. ದಿನಕ್ಕೆ ಒಂದೇ ಮ್ಯಾಚ್ ಅನ್ನುವ ಒಪ್ಪಂದ ಉಳಿಯುವುದು ಕಷ್ಟ. ಒಂದು ಪೂರ್ತಿ ಮ್ಯಾಚ್ ಅರ್ಧ ಗಂಟೆ, ಸೋತರೆ ಮತ್ತೊಂದು, ಗೆದ್ದರಂತೂ ಮತ್ತೆರಡು.

ಆ್ಯಪ್ ಟೈಮರ್ ನೆಚ್ಚಿಕೊಂಡವರಿಗೆ ಒಂದು ಮಾತು. ಆಂಡ್ರಾಯ್ಡ್ ಫೋನ್‌ನ ಟೈಮರ್ ಮಧ್ಯರಾತ್ರಿ 12ಕ್ಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹನ್ನೊಂದೂವರೆಗೆ ಹೊತ್ತು ಮುಗಿದರೆ, ಅರ್ಧ ಗಂಟೆ ಕಾದು ಹೊಸ ದಿನದ ಪಾಲನ್ನು ರಾತ್ರಿಯೇ ಆಡಿ ಮುಗಿಸುವವರನ್ನು ನೋಡಿದ್ದೇನೆ. ಟೈಮರ್ ಜೊತೆಗೆ ಬೆಡ್‌ಟೈಮ್ ಮೋಡ್ ಹಾಕಿ, ರಾತ್ರಿ ಹತ್ತಕ್ಕೆ ಸ್ಕ್ರೀನ್ ಕಪ್ಪು ಬಿಳುಪಾಗಲಿ. ಬಣ್ಣ ಹೋದರೆ ಗೇಮ್‌ನ ಅರ್ಧ ಸೆಳೆತ ಹೋಗುತ್ತದೆ.

ಗೇಮ್ ಐಡಿ, ಅಂದರೆ ನಿಮ್ಮ ಗೇಮ್ ಖಾತೆ, ಮಾರಲು ಹೋಗಬೇಡಿ. ಅದರಲ್ಲಿ ಮೋಸ ಜಾಸ್ತಿ, ಮಾರಾಟದ ನೆಪದಲ್ಲಿ ದಿನಾ ಲಾಗಿನ್ ಆಗುವುದೂ ನಡೆಯುತ್ತದೆ. ಸ್ಕ್ವಾಡ್ ಗ್ರೂಪಿಗೆ ಒಂದೇ ಮೆಸೇಜ್ ಹಾಕಿ: "ಮೂರು ತಿಂಗಳು ಆಡಲ್ಲ ಕಣ್ರೋ, ಬರೆಯೋದಿದೆ. ಸಿಗೋದಾದ್ರೆ ಭಾನುವಾರ ಟೀ ಅಂಗಡೀಲಿ ಸಿಗೋಣ." ಆಮೇಲೆ ಗ್ರೂಪ್ ಮ್ಯೂಟ್ ಮಾಡಿ. ಗೇಮ್‌ಪ್ಲೇ ವಿಡಿಯೊ ಹಾಕುವ ಚಾನೆಲ್‌ಗಳನ್ನೂ ಅದೇ ದಿನ ಅನ್‌ಸಬ್‌ಸ್ಕ್ರೈಬ್ ಮಾಡಿ. ಆಡದೆ ನೋಡುತ್ತಾ ಕೂತರೂ ರಾತ್ರಿ ಹೋಗಿಯೇ ಹೋಗುತ್ತದೆ.

ರಾತ್ರಿ ಫೋನ್ ನಿಮ್ಮ ಕೋಣೆಯಲ್ಲಿ ಇರಬಾರದು. ಅಲಾರಂಗೆ ಒಂದು ಸಾದಾ ಗಡಿಯಾರ ತನ್ನಿ. ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. "ಅಮ್ಮಾ, ರಾತ್ರಿ ಹತ್ತಕ್ಕೆ ನನ್ನ ಫೋನು ನಿನ್ನ ಹತ್ರ ಇಟ್ಕೋ. ಬೆಳಿಗ್ಗೆ ಎಂಟರ ತನಕ ನಾನು ಕೇಳಿದ್ರೂ ಕೊಡಬೇಡ." ನೀವಾಗಿ ಕೇಳಿದರೆ ಅದು ಸಹಾಯ, ಅವರಾಗಿ ಕಿತ್ತುಕೊಂಡರೆ ಜಗಳ. ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರು ಇದ್ದರೆ ಕೈಮುಗಿದು ಕೇಳುತ್ತೇನೆ, ಫೋನ್ ಕಿತ್ತು ಒಡೆಯಬೇಡಿ. ಮಗ ಬರೆದದ್ದನ್ನು ಒಂದು ಸಲ ಓದಿ.

ಕೆಲವು ಹಳ್ಳಿಗಳಲ್ಲಿ ಈಗಲೂ ಗುಡ್ಡ ಹತ್ತಿದರೆ ಮಾತ್ರ ಟವರ್ ಸಿಗುತ್ತದೆ. ಅಂಥ ಊರಿನವರಿಗೆ ಈ ಹೆಜ್ಜೆ ಸುಲಭ, ಮನೆಗೆ ವೈಫೈ ಹಾಕಿಸುವುದನ್ನು ಮೂರು ತಿಂಗಳು ಮುಂದೆ ಹಾಕಿ ಅಷ್ಟೇ.

ಹೆಜ್ಜೆ 4: ಮೊದಲ ಎರಡು ವಾರ ತಡೆದುಕೊಳ್ಳುವುದು

ಸಿಟ್ಟು ಬರುತ್ತದೆ, ನಿದ್ದೆ ಏರುಪೇರಾಗುತ್ತದೆ, ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ. ಹೆದರಬೇಡಿ. ಆಡಬೇಕು ಅನ್ನುವ ತುಡಿತ ಏರಿ, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ಕೈಗೆ ಕೆಲಸ ಕೊಡಿ. ಬಚ್ಚಲ ಒಲೆಗೆ ಬೆಂಕಿ ಹಾಕಿ, ದನಕ್ಕೆ ಹುಲ್ಲು ಹಾಕಿ, ತೋಟಕ್ಕೆ ಹೋಗಿ ಬನ್ನಿ. ಶಿವಮೊಗ್ಗದ ಪೇಟೆಯಲ್ಲಿ ಇರುವವರು ತುಂಗಾ ತೀರದವರೆಗೆ ನಡೆಯಿರಿ. ಫೋನ್ ಮನೆಯಲ್ಲಿರಲಿ.

ಕಷ್ಟ ಇರುವುದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಕವಿದು ಸಂಜೆ ಬೇಗ ಕತ್ತಲು, ಹೊರಗೆ ಕಾಲಿಡಲಾಗದ ಮಳೆ. ಸಾಧ್ಯವಾದರೆ ಗೇಮ್ ಬಿಡುವುದನ್ನು ಅಡಿಕೆ ಕೊಯ್ಲಿನ ಕಾಲದಲ್ಲಿ ಶುರು ಮಾಡಿ. ಆಗ ರಾತ್ರಿ ಅಡಿಕೆ ಸುಲಿಯುವ ಕಡೆ ಜನ ಇರುತ್ತಾರೆ, ಮಾತು ಇರುತ್ತದೆ, ಕೈಗೆ ಬಿಡುವಿರುವುದಿಲ್ಲ. ಯಾರ ತೋಟಕ್ಕೆ ಕಾಡುಕೋಣ ನುಗ್ಗಿತು, ಯಾರ ಮದುವೆ ಯಾಕೆ ಮುರಿಯಿತು, ಎಲ್ಲ ಅಲ್ಲೇ ಬರುತ್ತದೆ. ಕತೆ ಬರೆಯುವವನಿಗೆ ಅಲ್ಲಿ ಒಂದು ರಾತ್ರಿ ಕೂತರೆ ಸಿಗುವುದು ಬೇರೆಲ್ಲೂ ಸಿಗುವುದಿಲ್ಲ. ಮಳೆಗಾಲದಲ್ಲೇ ಶುರು ಮಾಡಬೇಕಾಗಿ ಬಂದರೆ ನಾಲ್ಕೈದು ಪುಸ್ತಕ ಮೊದಲೇ ಲೈಬ್ರರಿಯಿಂದ ತಂದಿಟ್ಟುಕೊಳ್ಳಿ. ಕರೆಂಟ್ ಹೋದಾಗ ಓದಲು ಒಂದು ಚಾರ್ಜಿಂಗ್ ಲ್ಯಾಂಪ್ ಇರಲಿ. ಫೋನ್‌ನ ಟಾರ್ಚ್ ಮಾತ್ರ ಬೇಡ.

ಹೆಜ್ಜೆ 5: ಬೆಳಿಗ್ಗೆ, ಫೋನ್ ಮುಟ್ಟುವ ಮೊದಲು ಬರೆಯಿರಿ

ರಾತ್ರಿ ಗೇಮ್ ಆಡುತ್ತಿದ್ದ ಹೊತ್ತಿನಲ್ಲೇ ಬರೆಯಲು ಕೂರಬೇಡಿ. ಆ ಹೊತ್ತಿಗೆ ಮನಸ್ಸು ದಣಿದಿರುತ್ತದೆ, ಹಳೆಯ ಅಭ್ಯಾಸ ಎದ್ದು ಕೂತಿರುತ್ತದೆ. ಬೆಳಿಗ್ಗೆ ಎದ್ದು ಕಾಫಿ ಕುಡಿದ ಕೂಡಲೇ ಅರ್ಧ ಗಂಟೆ. ಕಾಲೇಜಿಗೆ, ಕೆಲಸಕ್ಕೆ ಬೇಗ ಹೋಗಬೇಕಾದರೆ ಇಪ್ಪತ್ತು ನಿಮಿಷ.

ಕೈಯಲ್ಲೇ ಬರೆಯಿರಿ. ಫೋನ್‌ನಲ್ಲಿ ಕನ್ನಡ ಟೈಪ್ ಮಾಡುವುದು ಸುಲಭ ನಿಜ, ಆದರೆ ಗೇಮ್ ಇದ್ದದ್ದೂ ಅದೇ ಫೋನ್‌ನಲ್ಲಿ. ಕತೆ ಮುಗಿದ ಮೇಲೆ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಯಾವುದಾದರೊಂದರಲ್ಲಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿ. ಹಾಗೆ ಮಾಡುವಾಗ ಕತೆ ಇನ್ನೊಂದು ಸಲ ತಿದ್ದಿದಂತೆಯೂ ಆಗುತ್ತದೆ.

ಗುರಿ ಚಿಕ್ಕದಿರಲಿ. ದಿನಕ್ಕೆ 100 ಪದ, ಅಂದರೆ ಹೆಚ್ಚುಕಡಿಮೆ ಅರ್ಧ ಪುಟ. 2000 ಪದಗಳ ಕತೆಗೆ 20 ದಿನ ಸಾಕು. ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದ ದಿನಕ್ಕೆ ಒಂದು ಗುರುತು ಹಾಕಿ. ಪದ ಎಷ್ಟಾಯಿತು ಅಂತಲೂ ಬರೆಯಿರಿ. ರ‍್ಯಾಂಕ್ ಏರುವುದನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಇದು ನಿಜವಾಗಿ ಹಿಡಿಸುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಬರೆಯಲು ಹೋಗಬೇಡಿ, ಅದೇ ನೂರು ಪದ ಬರೆಯಿರಿ.

ನಿಲ್ಲಿಸುವಾಗ ಒಂದು ಉಪಾಯ. ಮುಂದಿನ ವಾಕ್ಯ ಏನು ಅಂತ ಗೊತ್ತಿರುವಾಗಲೇ ನಿಲ್ಲಿಸಿ, ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ: "ನಾಳೆ ಇಲ್ಲಿಂದ: ಅತ್ತಿಗೆ ಬಾಗಿಲು ತೆಗೆಯುತ್ತಾಳೆ." ಬೆಳಿಗ್ಗೆ ಖಾಲಿ ಹಾಳೆ ಎದುರಿಸಬೇಕಾಗುವುದಿಲ್ಲ.

"ಇಷ್ಟು ವರ್ಷ ಗೇಮ್‌ನಲ್ಲೇ ಹೋಯ್ತು, ಇನ್ನೇನು ಬರೆಯೋದು" ಎಂದು ಕೊರಗುವವರೂ ಇದ್ದಾರೆ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ತೊಡಗಿದ್ದು ನಲವತ್ತು ದಾಟಿದ ಮೇಲೆ. ನಿಮಗೆ ಇಪ್ಪತ್ತೆರಡೋ ಇಪ್ಪತ್ತೆಂಟೋ ಆಗಿರಬಹುದು. ಹೊತ್ತು ಬೇಕಾದಷ್ಟಿದೆ.

ಹೆಜ್ಜೆ 6: ವಾಕ್ಯ ನಿಂತಾಗ ಏನು ಮಾಡುವುದು?

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ನಿಧಾನವಾಗಿ ಓದಿ.

ಬರಹ ನಿಲ್ಲುವುದು ಎಲ್ಲರಿಗೂ ಆಗುತ್ತದೆ, ಹತ್ತು ಪುಸ್ತಕ ಬರೆದವರಿಗೂ. ನಿಂತಾಗ ಹೊಟ್ಟೆಯಲ್ಲಿ ಒಂಥರಾ ಕಸಿವಿಸಿ. ಗೇಮ್‌ಗೆ ಒಗ್ಗಿದ ಮನಸ್ಸು ಆ ಕಸಿವಿಸಿಯನ್ನು "ನನಗೆ ಬರೆಯೋಕೆ ಬರಲ್ಲ" ಎಂದು ಓದಿಕೊಂಡು, ಗೆಲುವು ಬೇಗ ಸಿಗುವ ಕಡೆ ಓಡುತ್ತದೆ. ನಿಜಕ್ಕೂ ಅದು ಹೇಳುತ್ತಿರುವುದು ಇಷ್ಟೇ: ಇಲ್ಲಿ ನಿಮಗೆ ಇನ್ನೂ ಸರಿಯಾಗಿ ಕಾಣದ ಏನೋ ಇದೆ. ಅದು ಏನು ಎಂದು ನೋಡಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀವು ಬರೆದಿದ್ದೀರಿ: "ಅಜ್ಜ ಜಗಲಿಯಲ್ಲಿ ಕೂತಿದ್ದರು. ಅವರಿಗೆ ತುಂಬಾ ಬೇಸರವಾಗಿತ್ತು." ಅಲ್ಲಿಗೆ ನಿಂತಿತು. ಮುಂದೆ ಏನು? ಬೇಸರ ಎಂದು ಹೇಳಿಯಾಯಿತು, ಇನ್ನು ಹೇಳುವುದಕ್ಕೆ ಏನೂ ಉಳಿದಿಲ್ಲ. ಅದಕ್ಕೇ ನಿಂತದ್ದು.

ಈಗ ಅಜ್ಜನ ಕೈ ನೋಡಿ. ಕೈಯಲ್ಲಿ ಏನಿದೆ? ಕೊಯ್ಲಿನ ಕಾಲ, ಹಸಿ ಅಡಿಕೆ ಸುಲಿದು ಬೆರಳೆಲ್ಲ ಚೊಗರು ಹಿಡಿದು ಕಪ್ಪಾಗಿದೆ. ಯಾಕೆ ಬೇಸರ? ಬೆಂಗಳೂರಿನ ಮಗ ಫೋನ್ ಮಾಡಿಲ್ಲ. ಫೋನ್ ಎಲ್ಲಿದೆ? ಟವರ್ ಸಿಗುವ ಒಂದೇ ಜಾಗ ಕಿಟಕಿ, ಅಲ್ಲಿದೆ. ಈಗ ಬರೆಯಿರಿ:

"ಅಜ್ಜ ಮೆಟ್ಟುಗತ್ತಿ ಬಿಟ್ಟು ಎದ್ದರು. ಬೆರಳಿನ ಚೊಗರು ಪಂಚೆಗೆ ಒರೆಸಿಕೊಂಡು, ಕಿಟಕಿಯಲ್ಲಿಟ್ಟಿದ್ದ ಫೋನು ತೆಗೆದು ನೋಡಿದರು. ಮತ್ತೆ ಅಲ್ಲೇ ಇಟ್ಟರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂಚೂರು ಹೊರಗೆ ಸರಿಸಿದರು."

ಬೇಸರ ಎಂಬ ಪದವೇ ಬರಲಿಲ್ಲ, ಆದರೂ ಓದುವವನಿಗೆ ಗೊತ್ತಾಯಿತು ಅಲ್ವಾ? ಮುಂದಿನ ವಾಕ್ಯವೂ ತಾನಾಗಿ ಬರುತ್ತದೆ, ಯಾಕೆಂದರೆ ಈಗ ಫೋನ್ ಕಿಟಕಿಯಿಂದ ಬೀಳಬಹುದು, ರಿಂಗ್ ಆಗಬಹುದು, ಅಜ್ಜಿ ಅದನ್ನು ನೋಡಿಬಿಡಬಹುದು. ವಾಕ್ಯ ನಿಂತಾಗಲೆಲ್ಲ ಪಾತ್ರದ ಕೈಯಲ್ಲಿ ಏನಿದೆ, ಕಣ್ಣು ಎಲ್ಲಿದೆ ಎಂದು ಕೇಳಿಕೊಳ್ಳಿ. ಹತ್ತರಲ್ಲಿ ಏಳೆಂಟು ಸಲ ದಾರಿ ಸಿಗುತ್ತದೆ.

ಸಿಗದಿದ್ದರೆ ಆ ಜಾಗದಲ್ಲಿ ಒಂದು ಸಾಲು ಎಳೆದು, "ಇಲ್ಲಿ ಮಾವ ಸಾಲದ ವಿಷಯ ಎತ್ತುತ್ತಾನೆ, ಆಮೇಲೆ ಬರೆಯಬೇಕು" ಎಂದು ಬರೆದು ಮುಂದಕ್ಕೆ ಹೋಗಿ. ಸಂಭಾಷಣೆ ಸಿಕ್ಕಿಕೊಂಡರೆ ಅದುವರೆಗೆ ಬರೆದದ್ದನ್ನು ಗಟ್ಟಿಯಾಗಿ ಓದಿ. ನಿಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ ಎಂದು ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಅದೂ ಆಗದಿದ್ದರೆ ಎದ್ದು ಅಂಗಳದಲ್ಲಿ ಐದು ನಿಮಿಷ ಓಡಾಡಿ. ಪೆನ್ನು ಕೈಯಲ್ಲೇ ಇರಲಿ. ಪೆನ್ನು ಹಿಡಿದ ಕೈ ಫೋನ್ ಹಿಡಿಯಲು ಒಂದು ಕ್ಷಣ ಹೆಚ್ಚು ತೆಗೆದುಕೊಳ್ಳುತ್ತದೆ, ಆ ಕ್ಷಣ ಸಾಕು.

ಮತ್ತೆ, ಬರೆದ ದಿನವೇ ಅದನ್ನು ಓದಿ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಬೇಡಿ. ಲೆಕ್ಕದ ಪುಸ್ತಕದ ಎರಡನೇ ಸಾಲು ನೆನಪಿದೆಯಲ್ಲ. ಕತೆ ಪೂರ್ತಿ ಆಗುವವರೆಗೆ ಹಿಂದಿನ ಪುಟ ಓದುವುದು ಮುಂದಿನ ವಾಕ್ಯಕ್ಕೆ ಬೇಕಾದಷ್ಟು ಮಾತ್ರ.

ಹೆಜ್ಜೆ 7: ಹೊಸ ಸ್ಕ್ವಾಡ್ ಕಟ್ಟಿಕೊಳ್ಳಿ

ಒಬ್ಬರೇ ಇದ್ದರೆ ಇದು ಜಾಸ್ತಿ ದಿನ ನಡೆಯುವುದಿಲ್ಲ. ಬರೆಯುವ ಆಸೆ ಇರುವ ಇಬ್ಬರನ್ನು ಹುಡುಕಿ. ವಾರಕ್ಕೆ ಒಂದು ಸಲ ಸೇರಿ, ತಲಾ ಒಂದು ಪುಟ ಗಟ್ಟಿಯಾಗಿ ಓದಿ. ಕೇಳಿದವರು ಎರಡೇ ಮಾತು ಹೇಳಬೇಕು: ಯಾವ ಸಾಲು ಮನಸ್ಸಿನಲ್ಲಿ ಉಳಿಯಿತು, ಎಲ್ಲಿ ಅರ್ಥ ಆಗಲಿಲ್ಲ. "ಸೂಪರ್ ಮಗಾ" ಅನ್ನುವುದರಿಂದ ಯಾರಿಗೂ ಉಪಯೋಗ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಜಾಗಗಳಿಗೆ ಬರವಿಲ್ಲ. ಶಿವಮೊಗ್ಗದ ಕರ್ನಾಟಕ ಸಂಘ 1930ರಿಂದ ಇದೆ, ಅಲ್ಲಿ ಉಪನ್ಯಾಸ, ಪುಸ್ತಕ ಬಿಡುಗಡೆ ನಡೆಯುತ್ತಿರುತ್ತವೆ. ಹಿಂದಿನ ಸಾಲಿನಲ್ಲಿ ಸುಮ್ನೆ ಕೂತು ಬಂದರೂ ಬರೆಯುವವರ ಪರಿಚಯ ಆಗುತ್ತದೆ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ ರಂಗಸಂಸ್ಥೆ ಇದೆ. ಅಲ್ಲಿ ನಾಟಕ ನೋಡಿ. ಬರಹದಲ್ಲಿ ಮಾತು ಹೇಗಿರಬೇಕು ಎಂದು ಕಲಿಯಲು ರಂಗದ ಮೇಲಿನ ಮಾತು ಕೇಳುವುದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಹಳೆಯ ಸ್ಕ್ವಾಡ್‌ನ ಗೆಳೆಯನನ್ನೂ ಕರೆದುಕೊಂಡು ಹೋಗಿ. ಅವನನ್ನು ದೂರ ಮಾಡಬೇಕಾಗಿಲ್ಲ, ಅವನ ಜೊತೆ ಮಾಡುವ ಕೆಲಸ ಬದಲಾದರೆ ಸಾಕು.

ಹೆಜ್ಜೆ 8: ಕಳಿಸಿ, ಅದೇ ದಿನ ಮುಂದಿನದಕ್ಕೆ ಕೂರಿ

ಕತೆ ಮುಗಿದ ಮೇಲೆ ಒಂದು ವಾರ ಮುಚ್ಚಿಡಿ. ಆಮೇಲೆ ತೆಗೆದು ತಿದ್ದಿ, ಟೈಪ್ ಮಾಡಿ ಕಳಿಸಿ. ಸುಧಾ, ಮಯೂರ, ತರಂಗ, ತುಷಾರ, ಕಸ್ತೂರಿ ಇವೆ, ದಿನಪತ್ರಿಕೆಗಳ ಭಾನುವಾರದ ಪುರವಣಿಗಳಿವೆ, ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳಿವೆ. ಮೊದಲು ಆ ಪತ್ರಿಕೆಯ ಒಂದೆರಡು ಸಂಚಿಕೆ ಓದಿ, ಎಷ್ಟು ಉದ್ದದ ಕತೆ ಹಾಕುತ್ತಾರೆ ನೋಡಿ. ಒಂದೇ ಕತೆ ಏಕಕಾಲಕ್ಕೆ ಎರಡು ಕಡೆ ಕಳಿಸಬೇಡಿ. ಮುಂದೆ ಕತೆಗಳೆಲ್ಲ ಸೇರಿ ಒಂದು ಪುಸ್ತಕಕ್ಕೆ ಆಗುವಷ್ಟಾದರೆ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅದರ ಪ್ರಕಟಣೆ ನೋಡುತ್ತಿರಿ.

ಕಳಿಸಿದ ಮೇಲಿನ ದಿನಗಳಲ್ಲಿ ಹುಷಾರು. ಇಮೇಲ್ ಬಂತಾ ಎಂದು ಫೋನ್ ತೆರೆದವರು ಹಾಗೇ ಪ್ಲೇ ಸ್ಟೋರ್‌ಗೆ ಹೋಗಿಬಿಡುತ್ತಾರೆ. ಕಾಯುವ ದಿನಗಳು ಖಾಲಿ ಇರಬಾರದು. ಕಳಿಸಿದ ದಿನವೇ ಮುಂದಿನ ಕತೆಯ ನೂರು ಪದ ಬರೆಯಿರಿ.

ಮತ್ತೆ ಆಡಿಬಿಟ್ಟರೆ?

ಆಗಬಹುದು. ಹೊಸ ಸೀಸನ್ ಬಂದಾಗ, ಪರೀಕ್ಷೆ ಮುಗಿದ ದಿನ, ಕತೆ ವಾಪಸ್ ಬಂದ ದಿನ, ಮಳೆ ರಜೆ ಕೊಟ್ಟ ದಿನ ಎಚ್ಚರ ಇರಲಿ. ಆಡಿಬಿಟ್ಟರೆ ಎಲ್ಲ ಮುಗಿಯಿತು ಎಂದು ಬೆಳಗಿನ ಜಾವದವರೆಗೆ ಆಡಬೇಡಿ. ಎದ್ದು ಲೆಕ್ಕದ ಪುಸ್ತಕದಲ್ಲಿ ಗಂಟೆ ಬರೆಯಿರಿ, ಯಾಕೆ ಎಂದು ಒಂದು ಸಾಲು ಬರೆಯಿರಿ, ಆ್ಯಪ್ ತೆಗೆದುಹಾಕಿ, ಮಲಗಿ. ಬೆಳಿಗ್ಗೆ ನೂರು ಪದ ಮಾತ್ರ ತಪ್ಪಿಸಬೇಡಿ. ತಿಂಗಳಲ್ಲಿ ಮೂರ್ನಾಲ್ಕು ಸಲ ಹೀಗಾಗುತ್ತಿದ್ದರೆ ಒಬ್ಬರೇ ಗುದ್ದಾಡುವುದು ಸಾಕು, ಮೇಲೆ ಹೇಳಿದ ಕಡೆ ವೈದ್ಯರನ್ನು ನೋಡಿ.

ಗೇಮ್ ಬಗ್ಗೆಯೇ ಕತೆ ಬರೆಯಬಹುದಾ ಎಂದು ಕೇಳುತ್ತಾರೆ. ಖಂಡಿತ ಬರೆಯಬಹುದು. ನಡುರಾತ್ರಿ ಹೆಡ್‌ಫೋನ್ ಹಾಕಿಕೊಂಡು ಯಾವುದೋ ಊರಿನ ಅಪರಿಚಿತನಿಗೆ "ನಾನಿದೀನಿ, ಕವರ್ ಕೊಡ್ತೀನಿ" ಅಂದವನ ಒಂಟಿತನ ನಿಮಗೆ ಒಳಗಿನಿಂದ ಗೊತ್ತು. ಆದರೆ ಮೂರು ತಿಂಗಳು ಕಳೆದ ಮೇಲೆ, ನೆನಪಿನಿಂದ ಬರೆಯಿರಿ. ಕತೆಗೆ ಮಾಹಿತಿ ಬೇಕು ಎಂದು ಗೇಮ್ ಮತ್ತೆ ಹಾಕಿಕೊಳ್ಳಬೇಡಿ, ನಿಮಗೆ ಬೇಕಾದ ಮಾಹಿತಿ ಎಲ್ಲ ನಿಮ್ಮ ಬೆರಳಲ್ಲೇ ಇದೆ.

ಮೂರು ತಿಂಗಳ ಆಮೇಲೆ ಮತ್ತೆ ಆಡಬಹುದಾ? ಆ ಹೊತ್ತಿಗೆ ಒಂದಾದರೂ ಕತೆ ಪೂರ್ತಿ ಬರೆದು ಕಳಿಸಿದ್ದರೆ, ನಿದ್ದೆ ಸರಿಯಾಗಿದ್ದರೆ, ಗೇಮ್ ನೆನಪಾಗದೆ ದಿನಗಳು ಕಳೆಯುತ್ತಿದ್ದರೆ, ಭಾನುವಾರ ಹಗಲು ಹೊತ್ತಿನಲ್ಲಿ, ಗೆಳೆಯರ ಎದುರಿಗೇ ಕೂತು ಆಡಿ ನೋಡಿ. ಒಂದು ವಾರ ಮತ್ತೆ ಲೆಕ್ಕ ಇಡಿ. ಬೆಳಗಿನ ಬರವಣಿಗೆ ಒಂದು ದಿನ ತಪ್ಪಿದರೂ ಇನ್ನು ಮೂರು ತಿಂಗಳು ಮುಂದಕ್ಕೆ ಹಾಕಿ. ದುಡ್ಡು ಕಟ್ಟುವ ಆಟ ಮಾತ್ರ ಯಾವತ್ತೂ ಬೇಡ.